ಎಮ್ಮೆಯ ನೋವು

ಪಶುವೈದ್ಯ ಕಾಲೇಜಿನ ಪ್ರವೇಶ ಪರೀಕ್ಷೆಗೆ ಈ ಸಲವೂ ಒಂದೇ ಪ್ರಶ್ನೆ. ಕಾಯಿಲೆ ಬಿದ್ದ ಎಮ್ಮೆಯ ನೋವನ್ನು ಕೈಪಟ್ಟಿಯ ಮೂಲಕ ಅಭ್ಯರ್ಥಿಯ ಮೈಗೆ ಹರಿಸುತ್ತಾರೆ. ಎಲ್ಲಿ ನೋಯುತ್ತದೆಂದು ಕಣ್ಣು ಮುಚ್ಚಿಕೊಂಡೇ ಹೇಳಬೇಕು. ಚೀರಿದರೆ ಫೇಲು. ನೀಲಾಂಬಿಕಾ ಹಿಂದಿನ ಎರಡು ವರ್ಷವೂ ಚೀರಿದ್ದಳು. ಇದು ಕೊನೆಯ ಅವಕಾಶ. ಅದಕ್ಕೇ ಇವತ್ತು ಕೋಚಿಂಗ್ ಸೆಂಟರಿನವರು ಗುಟ್ಟಾಗಿ ಕೊಟ್ಟ, ಮೈ ಜೋಮು ಹಿಡಿಸುವ ಗುಳಿಗೆಯನ್ನು, ಅರ್ಧ ಸಾಕೆಂದರೂ ಕೇಳದೆ, ಇಡಿಯಾಗಿ ನುಂಗಿ ಬಂದಿದ್ದಳು.

ಪಟ್ಟಿ ಕಟ್ಟಿದರು. ಮೈಯಲ್ಲಿ ಒಂದು ಚಳುಕೂ ಇಲ್ಲ. ಎದುರಿಗೆ ಎಮ್ಮೆ ನರಳುತ್ತ ಕಾಲು ಬಡಿಯುವುದು ಮಾತ್ರ ಕೇಳುತ್ತಿತ್ತು. ಹೊಟ್ಟೆಯೋ, ಕೆಚ್ಚಲೋ, ಗೊರಸೋ?

"ಲಗೂನ ಹೇಳವಾ, ಎಲ್ಲಿ ನೋಯಾಕತ್ತೈತಿ?" ಪರೀಕ್ಷಕರು ಕೇಳಿದರು.

"ಇನ್ನೊಂದ್ ನಿಮಿಷ ಸರ್ರ, ಕೈ ಮುಗೀತೀನ್ರಿ. ಪಟ್ಟಿ ಇನ್ನಷ್ಟ ಬಿಗೀರಿ."

ಬಿಗಿದರು. ಏನೂ ಇಲ್ಲ. ಎಮ್ಮೆಯ ನರಳಾಟವೂ ಈಗ ಕೇಳಿಸುತ್ತಿರಲಿಲ್ಲ. ಕಿವಿಗೂ ಜೋಮು ಹಿಡಿಯಿತೆಂದು ಅವಳು ಹೆದರಿದಳು. ಏನಾದರೊಂದು ಸುಳ್ಳು ಹೇಳುವ ತ್ರಾಣವೂ ಉಳಿಯದೆ ಅಳುತ್ತ ಒಪ್ಪಿಕೊಂಡಳು:

"ಎಲ್ಲೂ ನೋಯವಲ್ದ್ರಿ ಸರ್ರ."

ಪರೀಕ್ಷಕರು ಪಟ್ಟಿ ಬಿಚ್ಚಿದರು.

"ಬರೋಬ್ಬರಿ ಹೇಳಿದಿ. ಎಮ್ಮಿ ಈಗಷ್ಟ ಸತ್ತೈತಿ. ಪಾಸಾದಿ, ಕಣ್ಣ ತಗಿ."