ಹುಳದ ಹೆಳವ

"ಒಯ್ದ್ರ ಸಾಯ್ತದೇನು?" ಯಲ್ಲಕ್ಕ ಕೇಳಿದಳು.

ಸ್ನೇಹಾ ಸುಳ್ಳು ಹೇಳಲಿಲ್ಲ. "ಸಾಯ್ತದರಿ ಅವ್ವಾ. ನಾಕು ಹುಳ ಸಾಕು ನನಗ."

ಯಲ್ಲಕ್ಕ ಹುಲ್ಲಿನ ಹೊರೆಯನ್ನು ಬಂಡೆಗೆ ಆನಿಸಿ ಕುಳಿತಳು. ಸಂಡೂರಿನ ಬೆಟ್ಟದ ಮೇಲೆ ಪುಷ್ಯದ ಮಂಜು ಇನ್ನೂ ಕರಗಿರಲಿಲ್ಲ. ಕೆಳಗಿನ ಡ್ಯಾಮಿನ ಊರಿನಿಂದ ಬಂದ ಈ ಓದಿದ ಹುಡುಗಿ ಮೂರು ದಿನದಿಂದ ಕಲ್ಲು ಮಗುಚುತ್ತಿದ್ದಳು. ಒಂದು ಕರಿಹುಳವೂ ಸಿಕ್ಕಿರಲಿಲ್ಲ. ಅವು ಎಲ್ಲಿರುತ್ತವೆಂದು ನಲವತ್ತು ವರ್ಷ ಇಲ್ಲೇ ಹುಲ್ಲು ಕೊಯ್ದ ಯಲ್ಲಕ್ಕನಿಗೆ ಗೊತ್ತು. ಆದರೆ ಮೇಲೆ ಗುಡಿಯಲ್ಲಿ ನೆಲೆಸಿದ ಸ್ವಾಮಿಯ ಬೆಟ್ಟ ಇದು; ಇಲ್ಲಿಂದ ಹುಲ್ಲು ಇಳಿಸಬಹುದು, ಸೌದೆ ಇಳಿಸಬಹುದು, ಜೀವ ಇಳಿಸಬಾರದು. ಹಿರಿಯರ ಮಾತು ಅದು. ಅತ್ತ ಗಣಿಯವರು ನಂಬರು ಬರೆದ ಕೆಂಪು ಗೂಟ ನೆಟ್ಟು ಹೋಗಿದ್ದರು. ಅಮಾವಾಸ್ಯೆ ಕಳೆದರೆ ಅಗೆತ.

"ಕೆಳಗ ಬಯಲಾಗ, ದರೋಜಿ ಕಡಿ ಬೇಕಾದಷ್ಟು ಅದಾವಲ್ಲ, ಅವನ್ನ ಒಯ್ಯಿ."

"ಅವು ಇಂಥಾ ಥಂಡ್ಯಾಗ ಸೆಟೆದು ಬೀಳ್ತಾವ್ರಿ. ಇವು ಮಂಜಿನ್ಯಾಗೂ ಓಡಾಡ್ತಾವು. ಚಳಿಗೆ ಸತ್ತವು ಸತ್ತವು, ತಾಳಿದವು ಮರಿ ಮಾಡಿದವು. ಲಕ್ಷ ತಲಿಮಾರು ಹಿಂಗ ನಡದೈತಿ. ಅದೆಲ್ಲ ಇವುಗಳ ಮೈಯಾಗ ಬರದೈತ್ರಿ, ಜೀನೋಮ್ ಅಂತಾರ. ಅದನ್ನ ಓದಿದ್ರ ಇವು ಯಾರ ಮಕ್ಕಳು, ಗುಡ್ಡ ಯಾವಾಗ ಹತ್ತಿದ್ವು, ತಿಳೀತದ. ನಾಳೆ ಗುಡ್ಡ ಇರ್ಲಿಕ್ಕಿಲ್ಲ, ಓದಿದ್ದು ಇರ್ತದ."

"ಅಂದ್ರ ನೀ ಹುಳದ ಮನಿಗೆ ಬಂದ ಹೆಳವ ಅನ್ನು."

ಸ್ನೇಹಾ ನಕ್ಕಳು. ಯಲ್ಲಕ್ಕ ನಗಲಿಲ್ಲ. ಮೂರು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಬಂದು, ಬಾಗಿಲಲ್ಲಿ ನಿಂತು ವಂಶದ ಹೆಸರು ಹೇಳುವ ಹೆಳವನನ್ನು ಅವಳ ಮನೆಯಲ್ಲಿ ಯಾರೂ ಬರಿಗೈಲಿ ಕಳಿಸಿದವರಲ್ಲ.

"ನಮ್ಮ ಹೆಳವ ಏಳು ತಲಿ ಹೇಳೂದ್ರಾಗ ದಣೀತಾನ," ಎನ್ನುತ್ತ ಎದ್ದಳು. "ಲಕ್ಷ ಅಂದ್ರ ದೊಡ್ಡ ಮನೆತನ ಬಿಡು."

ಬೆಟ್ಟದ ತುದಿಗೆ ಕೈ ಮುಗಿದಳು. "ತಪ್ಪಾದ್ರ ನನ್ನ ಮ್ಯಾಲಿರ್ಲಿ, ಸ್ವಾಮಿ." ಬಂಡೆಯಡಿಯ ಒದ್ದೆ ಎಲೆ ಸರಿಸಿ ಅಂಗೈ ಹಾಸಿದಳು. ಬೆನ್ನ ಮೇಲೆ ಮಂಜಿನ ಹನಿ ಹೊತ್ತ ನಾಲ್ಕು ಕರಿಹುಳಗಳು ಮನೆಯ ಯಜಮಾನರ ಗತ್ತಿನಲ್ಲಿ ಒಂದೊಂದಾಗಿ ಹತ್ತಿ ಬಂದವು.

ಸೀಸೆಯ ಬಿರಡೆ ಮುಚ್ಚಿ, ಗೂಟದ ಕಡೆ ನೋಡಿಕೊಂಡು ಸ್ನೇಹಾ ಚೀಟಿ ಬರೆಯುತ್ತ ಓದಿದಳು: "ಸಿಕ್ಕ ಜಾಗ, ಗಣಿ ಬ್ಲಾಕ್ ಹದಿನಾಲ್ಕು."

"ಅದನ್ನ ಅಳಸು," ಎಂದಳು ಯಲ್ಲಕ್ಕ. "ಗುಡ್ಡದ ಹೆಸರು ಬರಿ. ಮನಿ ಕೊಂಡವರ ಹೆಸರು ಹೆಳವ ಹೇಳಂಗಿಲ್ಲ ಯವ್ವಾ, ಆ ಮನ್ಯಾಗ ಹುಟ್ಟಿದವರ ಹೆಸರು ಹೇಳ್ತಾನ."