ಮಿಲ್ಟನ್ ಬಿಟ್ಟುಹೋದ ಡಿಟೆಕ್ಟರ್

“ಹೊಸದೇ ತಗೋ ಡ್ವೇನ್. ಈ ಹಳೇದು ಪೊಲೀಸರಿಲ್ಲದ ಕಡೆನೂ ಅರಚುತ್ತೆ, ಥೇಟ್ ನನ್ನ ಗಂಡನ ಹಾಗೆ,” ಎಂದಳು ಕಾರಿನಲ್ಲಿ ಅವನ ಪಕ್ಕ ಕುಳಿತಿದ್ದ ಆರ್ಲೀನ್, ಡಿಟೆಕ್ಟರ್ ಮಾರುವ ಅಂಗಡಿಯವಳು. ಮುಂದೆಲ್ಲೋ ಪೊಲೀಸರು ಗಾಡಿಗಳ ವೇಗ ಅಳೆಯುತ್ತಿದ್ದರೆ ಕೂಗಿ ಎಚ್ಚರಿಸುವ ಆ ಹಳೆಯ ರೇಡಾರ್ ಡಿಟೆಕ್ಟರ್ ಅವಳ ತೀರಿಹೋದ ಗಂಡ ಮಿಲ್ಟನ್‌ನದು.

ಡ್ವೇನ್ ನಕ್ಕ. ವೇಗ ಮೀರಿ ಇನ್ನೊಮ್ಮೆ ಸಿಕ್ಕಿಬಿದ್ದರೆ ಅವನ ಲೈಸೆನ್ಸ್ ಹೋಗುತ್ತದೆ, ಜೊತೆಗೆ ಹಾಲಿನ ಟ್ಯಾಂಕರ್ ಓಡಿಸುವ ಕೆಲಸವೂ. ಅದಕ್ಕೇ ಹಳೆಯದು, ಹೊಸದು ಎರಡರಲ್ಲಿ ಒಂದನ್ನು ಕೊಳ್ಳಲೆಂದು ಎರಡನ್ನೂ ಕಾರಿನ ಮುಂಗಾಜಿಗೆ ಅಂಟಿಸಿ, ಅಮೆರಿಕದ ವಯೋಮಿಂಗಿನ ಹೆದ್ದಾರಿಯಲ್ಲಿ ಪರೀಕ್ಷೆಗೆ ಹೊರಟಿದ್ದ. ಕಣ್ಣು ಹಾಯುವಷ್ಟು ದೂರಕ್ಕೂ ಒಂದೂ ಗಾಡಿಯಿರಲಿಲ್ಲ. ಹೊಸದು ಸುಮ್ಮನಿತ್ತು. ಹಳೆಯದು ಕೂಗತೊಡಗಿತು.

“ನೋಡಿದ್ಯಾ? ಖಾಲಿ ರಸ್ತೆಗೂ ಹೆದರ್ಕೊಳ್ಳುತ್ತೆ,” ಎಂದು ಆರ್ಲೀನ್ ಅದರ ವೈರು ಕಿತ್ತು, ಸದ್ದಡಗಿದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಳು.

“ಸರಿ ಅಕ್ಕ, ಹೊಸದೇ ಕೊಡಿ,” ಎಂದ ಡ್ವೇನ್ ನಿಶ್ಚಿಂತೆಯಿಂದ ಆಕ್ಸಿಲರೇಟರ್ ಒತ್ತಿದ. ಸ್ಪೀಡೋಮೀಟರಿನ ಮುಳ್ಳು ತೊಂಬತ್ತು ಮೈಲಿ ದಾಟಿತು.

“ಮೆಲ್ಲಗೆ ಕಣೋ. ಮಿಲ್ಟನ್ ಜೀವ ಹೋಗಿದ್ದು ಮುಂದಿನ ತಿರುವಲ್ಲೇ.”

“ಹೊಸದು ಸುಮ್ನೇ ಇದೆಯಲ್ಲಕ್ಕ. ಅಲ್ಲಿ ಏನೂ ಇಲ್ಲ ಬಿಡಿ.”

ಅವಳ ಮಡಿಲಲ್ಲಿದ್ದ, ವೈರಿಲ್ಲದ ಡಬ್ಬಿ ಮತ್ತೆ ಕೂಗಿತು. ಡ್ವೇನ್‌ನ ಕಾಲು ತಾನಾಗಿ ಬ್ರೇಕಿನ ಮೇಲೆ ಬಂದು ಕೂತಿತು.