ಹೇಳಿಕೊಡುವವರಿಲ್ಲದ ಸಂಜೆ

ನಾಟಕ ಅರ್ಧ ದಾಟಿತ್ತು. ಜೆ.ಪಿ. ನಗರದ ರಂಗಮಂದಿರದಲ್ಲಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ವೇದಿಕೆಯ ನಡುವೆ ನಿಂತಿದ್ದ ಚೂಡಾಮಣಿಗೆ ಮಾತು ಮರೆತುಹೋಯಿತು. ಅಭ್ಯಾಸಬಲದಿಂದ ಎಡಗಡೆ ಕಿವಿಗೊಟ್ಟಳು. ಅಲ್ಲಿ ಯಾರೂ ಇರಲಿಲ್ಲ.

ಇರುವುದಾದರೂ ಹೇಗೆ? ಧಾರಾವಾಹಿಯಲ್ಲಾದರೆ ಕ್ಯಾಮೆರಾದ ಹಿಂದೆ ನಿಂತು ಸಹಾಯಕ ನಿರ್ದೇಶಕ ಮನು ಒಂದೊಂದೇ ಸಾಲು ಕೂಗಿ ಹೇಳುತ್ತಿದ್ದ, ಇವಳು ಅದನ್ನೇ ಕಣ್ಣು ಕೆಂಪಗೆ ಮಾಡಿಕೊಂಡು ಸೊಸೆಯ ಮೇಲೆ ಎಸೆಯುತ್ತಿದ್ದಳು. ವರ್ಷಗಟ್ಟಲೆ ಅತ್ತೆಯಾಗಿ ಮೆರೆದವಳಿಗೆ ಬಾಯಿಪಾಠ ಮಾಡುವ ಕಷ್ಟವೇ ಬಂದಿರಲಿಲ್ಲ. ನಾಟಕದಲ್ಲಿ ಆ ಸುಖವೆಲ್ಲಿ ಬರಬೇಕು!

ಅಮ್ಮ ಕೊನೆಗಾಲದಲ್ಲಿ ಇವಳನ್ನೇ “ನೀವ್ಯಾರಮ್ಮ?” ಎಂದು ಕೇಳಿದ್ದರು. ಆ ಮರೆವಿನ ಕಾಯಿಲೆ ತನಗೂ ಬಂತೇ ಎಂಬ ಭಯ ಈಚೆಗೆ ನಿದ್ದೆಗೆಡಿಸಿತ್ತು. ತಲೆ ನೆಟ್ಟಗಿದೆಯೋ ಇಲ್ಲವೋ ನೋಡಿಯೇಬಿಡೋಣ ಎಂದು ಈ ನಾಟಕ ಒಪ್ಪಿಕೊಂಡಿದ್ದಳು. ಈಗ ಉತ್ತರ ಸಿಕ್ಕಂತಾಯಿತು.

ಗಂಡನ ಪಾತ್ರದಲ್ಲಿದ್ದ ಹಿರಿಯ ನಟ ಸೇತುರಾಮ ಮಾತು ನೆನಪಿಸಲು ನೋಡಿದ. “ಯಾಕೇ ಸುಮ್ಮನಾದೆ? ಮನೆ ಮಾರೋ ವಿಷ್ಯ ಕೇಳ್ದೆ ತಾನೆ?”

ಪ್ರಯೋಜನವಾಗಲಿಲ್ಲ. ಅವನು ತನ್ನ ಮುಂದಿನ ಮಾತಿಗೆ ಹೊರಟ. “ಈ ಮನೆ...” ಎಂದವನು ಅಲ್ಲಿಯೇ ನಿಂತ. ಬಾಯಿ ತೆರೆದೇ ಇತ್ತು. ಸಭಿಕರಲ್ಲಿ ಯಾರೋ ಕೆಮ್ಮಿದರು.

“ಈ ಮನೆ ನನ್ನ ಹೆಸರಲ್ಲಿದೆ, ಅನ್ನಿ,” ಎಂದು ಚೂಡಾಮಣಿಯ ತುಟಿ ತಾನಾಗಿಯೇ ಪಿಸುಗುಟ್ಟಿತು. ಎದುರು ಪಾತ್ರದ ಮಾತನ್ನೂ ಕಲಿಯುವುದು ಧಾರಾವಾಹಿಗೆ ಮೊದಲು ಅವಳಿದ್ದ ನಾಟಕ ತಂಡದ ರೂಢಿ.

“ಈ ಮನೆ ನನ್ನ ಹೆಸರಲ್ಲಿದೆ!” ಎಂದು ಅವನು ಗುಡುಗಿದ.

“ಹೆಸರು ನಿಮ್ಮದು, ಒಲೆ ನಂದು!” ಎಂದಳು ಅವಳು. ಸಭೆ ಗೊಳ್ಳೆಂದು ನಕ್ಕಿತು. ಆಮೇಲೆ ನಲ್ಲಿ ತಿರುಗಿಸಿದ ಹಾಗೆ ಮಾತು ಸುರಿಯಿತು. ಪರದೆ ಬೀಳುವವರೆಗೆ ಒಂದು ಪದವೂ ತಪ್ಪಲಿಲ್ಲ.

ಬಣ್ಣದ ಕೋಣೆಯಲ್ಲಿ ಅವಳು ನಗುತ್ತ ಅಳುತ್ತ ಕುಳಿತಿದ್ದಳು. ಎಷ್ಟೋ ತಿಂಗಳಿಂದ ಎದೆಯ ಮೇಲಿದ್ದ ಭಾರ ಇಳಿದಿತ್ತು.

“ಬದುಕ್ಕೊಂಡೆ ಸಾರ್! ನಂಗೇನೂ ಆಗಿಲ್ಲ. ನನ್ನ ಮಾತಷ್ಟೇ ಅಲ್ಲ, ನಿಮ್ಮದೂ ನೆನಪಿದೆ ನೋಡಿ! ನಂಗೋಸ್ಕರ ಮರೆತೋರ ಥರ ನಿಂತ್ರಲ್ಲ, ಏನು ಆ್ಯಕ್ಟಿಂಗ್ ಸಾರ್ ಅದು!”

ಸೇತುರಾಮ ಅಂಟಿಸಿದ್ದ ಮೀಸೆಯನ್ನು ಮೆಲ್ಲಗೆ ಕಿತ್ತ.

“ಅದು ಆ್ಯಕ್ಟಿಂಗ್ ಅಲ್ಲ ಕಣಮ್ಮ,” ಎಂದ. “ನಾಳೆ ಶೋಗೂ ನನ್ನ ಮಾತು ಒಂಚೂರು ನೋಡ್ಕೊಂಡು ಬಾ.”